ಸೊನ್ನೆಯ ಬಾಣಲೆ

ಹತ್ತೂವರೆಗೆ ಹರಾಜು.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಜಾಲರಿಗಳ ತುಂಬ ಹಳದಿ ಗೂಡು,
ಬಗ್ಗಿ ನಿಂತ ರೀಲರುಗಳ ಒಂದು ಕೈ ಗೂಡಿನಲ್ಲಿ,
ಇನ್ನೊಂದು ಮೊಬೈಲಿನಲ್ಲಿ.
ಒತ್ತಿದರೆ ಬೆಲೆ ಏರುತ್ತದೆ.
ಏರಬೇಕು.

ಮಂಗಳವಾರ ಏರಲಿಲ್ಲ.
ಇನ್ನೂರ ಹದಿನಾಲ್ಕನೇ ಲಾಟಿಗೆ ಜಬೀವುಲ್ಲಾ ಒತ್ತಿದ ಬೆಲೆ
ಗಂಟೆ ಹೊಡೆದ ಮೇಲೆ ಬಂದು ಬಾಗಿಲು ಬಡಿಯಿತು.
ನನ್ನ ಕಿಟಕಿಯಲ್ಲಿ ನಾಲ್ಕು ತಲೆ, ಹಿಂದೆ ನಲವತ್ತು.
"ಗಂಗರತ್ನಾ, ನಿನ್ನ ಡಬ್ಬ ಸತ್ತಿದೆಯೋ?"
ಅಂದರು ಚೌಡರೆಡ್ಡಿ ಸಾಹೇಬರು.

ಸತ್ತಿರಲಿಲ್ಲ. ಎಂಟು ಕೋರಿನ ಯಂತ್ರ,
ನಾನೇ ಮೂರು ಸಲ ಸಹಿ ಹಾಕಿಸಿ ತರಿಸಿದ್ದು.
ಒಳಗಿನ ಪಟ್ಟಿ ತೆರೆದೆ.
ನೆಟ್‌ವರ್ಕ್ ಕಾರ್ಡಿಗೆ ಎಂಟು ಬಾಯಿ;
ಎಂಟೂ ಕೂಗುತ್ತಿರುವುದು ಒಬ್ಬನನ್ನೇ.
ಸೊನ್ನೆ ಎಂಬ ಹೆಸರಿನ ಕೋರಿನ ಕೆಳಗೆ ಕೋಟಿ ದಾಟಿದ ಅಂಕಿ,
ಒಂದು, ಎರಡು, ಮೂರು ಎಂದು ಹೆಸರಿಟ್ಟುಕೊಂಡ
ಮಿಕ್ಕವರ ಕೆಳಗೆಲ್ಲ
ಸೊನ್ನೆ.

ಏನದು ಕೂಗುವುದು, ಕೇಳಿದ ಪಿಳ್ಳಪ್ಪ, ಟೀ ಇಡುತ್ತ.
ಇಂಟರಪ್ಟ್ ಅಂದೆ. ಅವನಿಗದು ಕೆಮ್ಮಿದಂತೆ ಕೇಳಿಸಿರಬೇಕು.
ಕೈಯಲ್ಲಿದ್ದ ಕೆಲಸ ಇದ್ದಲ್ಲೇ ಬಿಟ್ಟು,
ಎಲ್ಲಿ ಬಿಟ್ಟೆ ಅನ್ನುವುದಕ್ಕೆ ಗುರುತಿಟ್ಟು,
ಕೂಗಿದವರಿಗೆ ಓಗೊಟ್ಟು,
ಆಮೇಲೆ ಮಾಡುವುದಕ್ಕೆ ಚೀಟಿ ಬರೆದಿಟ್ಟು,
ತಿರುಗಿ ಆ ಗುರುತಿಗೇ ಬಂದು ಕೂರುವುದು.
"ಓ, ನನ್ನ ನೌಕರಿ," ಅಂದ.
ಬೆಲ್ಲು ಹೊಡೆಯಿತು. ಹೋದ.

ಹಂಚಿದರಾಯಿತು ಅಂದುಕೊಂಡೆ. ನ್ಯಾಯ ಅಷ್ಟು ಸುಲಭ ಅನ್ನಿಸಿತ್ತು.
ಹಂಚುವ ಪ್ರೋಗ್ರಾಮೊಂದನ್ನು ಎಬ್ಬಿಸಿ ಕಾವಲಿಗೆ ಕೂರಿಸಿದೆ.
ಹತ್ತು ಸೆಕೆಂಡಿಗೊಮ್ಮೆ ಅದು ಕಣ್ಣುಬಿಟ್ಟು
ಯಾರ ಹೆಗಲು ಹಗುರ ನೋಡಿ ಹೊರೆ ದಾಟಿಸುತ್ತದೆ.
ಬುಧವಾರದ ಪಟ್ಟಿ ನೋಡಬೇಕಿತ್ತು ನೀವು:
ಎಂಟು ಕಂಬವೂ ಒಂದೇ ಎತ್ತರ,
ಕುಡಿ ಸವರಿದ ಹಿಪ್ಪುನೇರಳೆ ತೋಟದ ಹಾಗೆ.
ಬೆಲೆ ಮಾತ್ರ
ನಿನ್ನೆಗಿಂತ ತಡ.

ನನ್ನ ಬಾಡಿಗೆ ರೂಮಿನ ಕೆಳಗೆ ಖುರ್ಷಿದ್‌ಬಿ ನೂಲು ಬಿಚ್ಚುತ್ತಾಳೆ.
ಹಬೆ, ಬೆಂದ ಹುಳುವಿನ ವಾಸನೆ, ಸಾಲಾಗಿ ಹತ್ತು ಬಾಣಲೆ.
ಎಳೆ ಕಡಿಯುತ್ತದೆ. ನೋಡುವುದೇ ಇಲ್ಲ ಅವಳು,
ಕುದಿನೀರಿಗೆ ಬೆರಳಿಟ್ಟು ತುದಿ ಹುಡುಕಿ ಎಸೆಯುತ್ತಾಳೆ,
ಕೂಡಿಕೊಳ್ಳುತ್ತದೆ.
ಪಕ್ಕದವಳಿಗೆ ಕಡಿತ ಕಮ್ಮಿ, ಆಗಾಗ ಜಾಗ ಬದಲಿಸಬಾರದೆ ಅಂದೆ.
"ಅಯ್ಯೋ, ಬಾಣಲೆ ಬದ್ಲಾಯಿಸಿದ್ರೆ ಕೈ ಕುರುಡಾಗ್ತದಲ್ಲಮ್ಮ!
ಈ ನೀರಿನ ಬಿಸಿ ಈ ಬೆರಳಿಗೇ ಗೊತ್ತಿರೋದು."

ಮೆಟ್ಟಿಲ ಮೇಲೆ ನಿಂತುಬಿಟ್ಟೆ.
ಪ್ರತಿ ಕೋರಿಗೂ ಮಗ್ಗುಲಲ್ಲೊಂದು ಪುಟ್ಟ ನೆನಪು,
ಈಗಷ್ಟೇ ಮುಟ್ಟಿದ್ದೆಲ್ಲ ಅದರಲ್ಲಿ ಇನ್ನೂ ಬೆಚ್ಚಗೆ.
ಹತ್ತು ಸೆಕೆಂಡಿಗೊಮ್ಮೆ ನಾನು
ಎಲ್ಲರನ್ನೂ ಎಬ್ಬಿಸಿ ತಣ್ಣೀರಿನ ಮುಂದೆ ಕೂರಿಸುತ್ತಿದ್ದೆ,
ಸಮಾನತೆಯ ಹೆಸರಿನಲ್ಲಿ.

ರಾತ್ರಿಯೇ ಕಾವಲಿನವನನ್ನು ಮಲಗಿಸಿ
ಒಂದೊಂದು ಬಾಯಿಗೆ ಒಂದೊಂದು ಕಿವಿ, ಕೈಯಾರೆ ಕಟ್ಟಿದೆ.
ಯಾವ ಬಾಯಿಂದ ಬಂದ ಬೆಲೆಯೋ
ಅದರ ಲೆಕ್ಕ ಆ ಕಿವಿಯ ಪಕ್ಕದಲ್ಲೇ.
ಸೊನ್ನೆಗೆ ಡಿಸ್ಕಿನ ಗೊಣಗಾಟವಿದೆ, ಇನ್ನೇನೇನೋ ಚಿಲ್ಲರೆ;
ಅವನ ಪಾಲಿನ ಬಾಯಿಯನ್ನು ಮೂರಕ್ಕೆ ಕೊಟ್ಟೆ.
ಮೂರು ಹೊತ್ತುಕೊಂಡಿತು.
ಕಂಬಗಳೀಗ ಹಲ್ಲು ಬಿದ್ದ ಬಾಯಿಯಂತೆ ಏರುಪೇರು.

ಗುರುವಾರ ಕಿಟಕಿಗೆ ಯಾರೂ ಬರಲಿಲ್ಲ.
ಬರದೆ ಇರುವುದೇ ನನ್ನ ಸಂಬಳ.

ಸೊನ್ನೆಯ ಕೆಳಗಿನ ಹಳೆಯ ಕೋಟಿ ಅಳಿಯುವುದಿಲ್ಲ,
ಯಂತ್ರ ಆರಿಸಿ ಮತ್ತೆ ಹಚ್ಚುವವರೆಗೆ.
ಖುರ್ಷಿದ್‌ಬಿಯ ಬೆರಳ ತುದಿ ಬಿಳಿಚಿ ಸುಕ್ಕಾಗಿದೆ,
ಅದಕ್ಕೆ ಯಾವ ಗುಂಡಿಯೂ ಇಲ್ಲ.

ಮಧ್ಯಾಹ್ನ ಬೆಲ್ಲು ಹೊಡೆಯಿತು. ಪಿಳ್ಳಪ್ಪನ ಬಾಯಲ್ಲಿ ಮುದ್ದೆ.
ಕೂತಿರು ಎಂದು ನಾನೇ ಎದ್ದೆ.
"ಅದು ತಗೊಂಡು ಬಾ," ಅಂದರು ಸಾಹೇಬರು, ತಲೆಯೆತ್ತದೆ.
ಯಾವುದು?
ಹಿಂದೆ, ಕೈ ತೊಳೆಯುವ ನೀರಿನ ಸದ್ದು.